ಸೋಲಾರ್ ಹೈಡ್ರೋಜನ್ ಪ್ರಾಜೆಕ್ಟ್ ಮಾಡುವವರಿಗೆ ಒಂದು ಬಹಿರಂಗ ಪತ್ರ

ಪಾಲಿಟೆಕ್ನಿಕ್, ಎಂಜಿನಿಯರಿಂಗ್, ಬಿ.ಎಸ್ಸಿ. ಕೊನೆಯ ವರ್ಷದ ಗೆಳೆಯ ಗೆಳತಿಯರೇ,

ಪ್ರಾಜೆಕ್ಟ್ ಪ್ರದರ್ಶನಗಳಿಗೆ ತೀರ್ಪುಗಾರನಾಗಿ ಬರುವ ನನಗೆ ನಿಮ್ಮ ಯಂತ್ರ ಈಗ ಚೆನ್ನಾಗಿ ಪರಿಚಯ. ನೀರಿನ ಫಿಲ್ಟರಿನ ಪಾರದರ್ಶಕ ಡಬ್ಬಿ, ಅದರೊಳಗೆ ಸ್ಟೀಲ್ ಪ್ಲೇಟುಗಳ ಕಟ್ಟು, ಮೇಲಿಂದ ಹೊರಟ ಪಾರದರ್ಶಕ ಪೈಪು, ಕಿಟಕಿಯಾಚೆ ಬಿಸಿಲಿಗೆ ಒರಗಿಸಿಟ್ಟ ಒಂದು ಸೋಲಾರ್ ಪ್ಯಾನೆಲ್. ಪೈಪಿನ ತುದಿಯನ್ನು ಸೋಪಿನ ನೀರಿಗೆ ಇಳಿಬಿಟ್ಟು, ಎದ್ದ ಗುಳ್ಳೆಗೆ ಕಡ್ಡಿ ಗೀರಿದರೆ 'ಢಂ'. ಸುತ್ತ ನಿಂತವರು ಬೆಚ್ಚಿ, ಆಮೇಲೆ ನಕ್ಕು, ಚಪ್ಪಾಳೆ ಹೊಡೆಯುತ್ತಾರೆ. 'ಸರ್, ಇದನ್ನೇ ದೊಡ್ಡದು ಮಾಡಿದರೆ ಗ್ಯಾಸ್ ಸಿಲಿಂಡರೇ ಬೇಡ' ಎಂದು ತಂಡದ ಒಬ್ಬರು ಹೇಳಿಯೇ ಹೇಳುತ್ತಾರೆ. ಈ ಪತ್ರ ಆ ಢಂ ಬಗ್ಗೆ, ಮತ್ತು ಆ ಮಾತಿನ ಬಗ್ಗೆ.

ನೀವು ಈ ಪ್ರಾಜೆಕ್ಟ್ ಮಾಡಬಾರದು ಎಂದು ನಾನು ಹೇಳುತ್ತಿಲ್ಲ. ಮಾಡಿ. ಆದರೆ ಅಳೆಯುವುದಕ್ಕೆ ಮಾಡಿ, ಉರಿಸುವುದಕ್ಕೆ ಬೇಡ.

ನೀರನ್ನು ಒಡೆದು ಹೈಡ್ರೋಜನ್ ಪಡೆಯುವುದು ಹೊಸ ವಿದ್ಯೆಯಲ್ಲ. 1800ರಲ್ಲಿ ವೋಲ್ಟಾ ತನ್ನ ಬ್ಯಾಟರಿಯ ವಿವರವನ್ನು ಲಂಡನ್ನಿಗೆ ಬರೆದು ಕಳಿಸಿದ ಕೆಲವೇ ವಾರಗಳಲ್ಲಿ ವಿಲಿಯಂ ನಿಕೋಲ್ಸನ್ ಮತ್ತು ಆಂಟನಿ ಕಾರ್ಲೈಲ್ ಅಂಥದೇ ಬ್ಯಾಟರಿ ಜೋಡಿಸಿ ನೀರನ್ನು ಒಡೆದುಬಿಟ್ಟರು. ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ನಿಮ್ಮ ಮನೆಯ ಮೆಟ್ಟಿಲ ಕೆಳಗಿನ ಯುಪಿಎಸ್ ಬ್ಯಾಟರಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕುತ್ತೀರಲ್ಲ, ಆ ನೀರು ಎಲ್ಲಿ ಹೋಯಿತು? ಚಾರ್ಜ್ ತುಂಬಿದ ಮೇಲೂ ಕರೆಂಟು ಹರಿದಾಗ ಅದು ಹೈಡ್ರೋಜನ್, ಆಕ್ಸಿಜನ್ ಆಗಿ ಮುಚ್ಚಳದ ಸಣ್ಣ ತೂತಿನಿಂದ ಹೊರಟುಹೋಯಿತು. ನೀವು ತಯಾರಿಸಹೊರಟ ಹೈಡ್ರೋಜನ್ ಜನರೇಟರ್ ನಿಮ್ಮ ಮನೆಯಲ್ಲಿ ಆಗಲೇ ಇದೆ. ಬ್ಯಾಟರಿಯನ್ನು ಗಾಳಿಯಾಡುವ ಜಾಗದಲ್ಲಿ ಇಡಿ ಎಂದು ಅಂಗಡಿಯವರು ಹೇಳುವುದು ಸುಮ್ಮನೆ ಅಲ್ಲ.

ಹಾಗಾಗಿ 'ಹೈಡ್ರೋಜನ್ ಬಂತು' ಎನ್ನುವುದು ಪ್ರಾಜೆಕ್ಟ್ ಅಲ್ಲ. ಎಷ್ಟು ಬಂತು, ಯಾವುದಕ್ಕೆ ಬದಲಾಗಿ ಬಂತು ಎನ್ನುವುದು ಪ್ರಾಜೆಕ್ಟ್.

ಪ್ಯಾನೆಲ್‌ನಿಂದ ಶುರುಮಾಡೋಣ. 100 ವ್ಯಾಟ್‌ನ ಸಾಮಾನ್ಯ ಪ್ಯಾನೆಲ್ಲಿನಲ್ಲಿ 36 ಸಿಲಿಕಾನ್ ಸೆಲ್‌ಗಳು ಸೀರೀಸ್‌ನಲ್ಲಿರುತ್ತವೆ. ಅದು ಪೂರ್ತಿ ಶಕ್ತಿ ಕೊಡುವುದು ಸುಮಾರು 18 ವೋಲ್ಟ್, ಐದೂವರೆ ಆಂಪಿಯರ್ ಹತ್ತಿರ. ನೀರಿನ ಒಂದು ಸೆಲ್‌ಗೆ ಲೆಕ್ಕದಲ್ಲಿ ಬೇಕಾದದ್ದು 1.23 ವೋಲ್ಟ್. ಶಾಖದ ಬಾಬತ್ತನ್ನೂ ಸೇರಿಸಿದರೆ 1.48. ಪ್ಲೇಟು ಮತ್ತು ದ್ರಾವಣ ವಸೂಲಿ ಮಾಡುವ ಸುಂಕವೂ ಸೇರಿ ಕೈಗೆ ಸಿಗುವ ಸೆಲ್‌ಗಳಲ್ಲಿ ಅದು 2 ವೋಲ್ಟ್ ಆಸುಪಾಸು. ಈಗ ಎರಡೇ ಪ್ಲೇಟಿನ ಒಂದು ಸೆಲ್‌ಗೆ ಪ್ಯಾನೆಲ್ಲಿನ ವೈರನ್ನು ನೇರವಾಗಿ ಸಿಕ್ಕಿಸಿ ನೋಡಿ. ಪ್ಯಾನೆಲ್ ತನ್ನ ವೋಲ್ಟೇಜನ್ನು ಸೆಲ್ಲಿನ ಮಟ್ಟಕ್ಕೆ ಇಳಿಸಿಕೊಳ್ಳುತ್ತದೆ. ಕರೆಂಟು ಮಾತ್ರ ಆರು ಆಂಪಿಯರ್ ದಾಟುವುದಿಲ್ಲ. ಆರು ಆಂಪಿಯರ್ ಗುಣಿಸು ಎರಡು ವೋಲ್ಟ್, ಹನ್ನೆರಡು ವ್ಯಾಟ್! ನೀವು ದುಡ್ಡು ಕೊಟ್ಟದ್ದು ನೂರಕ್ಕೆ. ಉಳಿದದ್ದು ಪ್ಯಾನೆಲ್ಲಿನಲ್ಲೇ ಶಾಖವಾಗಿ ಹೋಗುತ್ತದೆ. ನಾನು ನೋಡಿದ ಬಹುಪಾಲು ಮಾದರಿಗಳು ಇಲ್ಲೇ ಸೋತಿರುತ್ತವೆ, ಆದರೆ ಸೋಪಿನ ಗುಳ್ಳೆ ಎದ್ದದ್ದರಿಂದ ಯಾರಿಗೂ ಗೊತ್ತಾಗಿರುವುದಿಲ್ಲ.

ಪರಿಹಾರ ಸುಲಭ. ಫ್ಯಾರಡೆಯ ನಿಯಮದ ಪ್ರಕಾರ ಅನಿಲದ ಪ್ರಮಾಣ ನಿರ್ಧಾರವಾಗುವುದು ಕರೆಂಟಿನಿಂದ, ವೋಲ್ಟೇಜಿನಿಂದಲ್ಲ. ಅದೇ ಕರೆಂಟು ಎಂಟು ಸೆಲ್‌ಗಳನ್ನು ಒಂದರ ಹಿಂದೊಂದು ಹಾಯ್ದು ಹೋದರೆ ಎಂಟರಲ್ಲೂ ಅನಿಲ ಏಳುತ್ತದೆ. 18ನ್ನು 2ರಿಂದ ಭಾಗಿಸಿ ಒಂಬತ್ತು ಸೆಲ್ ಎನ್ನುವಿರಿ. ಅಲ್ಲೂ ಒಂದು ಕೊಕ್ಕೆ ಇದೆ. ಲೇಬಲ್ಲಿನ ಮೇಲಿನ 18 ವೋಲ್ಟ್ ಪ್ಯಾನೆಲ್ಲಿನ ಸೆಲ್‌ಗಳು 25 ಡಿಗ್ರಿಯಲ್ಲಿ ತಣ್ಣಗಿರುವಾಗಿನ ಮಾತು. ಏಪ್ರಿಲ್‌ನಲ್ಲಿ ರಾಯಚೂರು, ಕಲಬುರಗಿಯ ತಾರಸಿಯ ಮೇಲೆ ಪ್ಯಾನೆಲ್ 60 ಡಿಗ್ರಿ ಮುಟ್ಟುವುದು ಮಾಮೂಲು. ಪ್ರತಿ ಡಿಗ್ರಿಗೆ ಶೇ. 0.4ರ ಹತ್ತಿರ ವೋಲ್ಟೇಜು ಕುಸಿಯುತ್ತ ಬಂದು ಹದಿನೈದೂವರೆಗೆ ನಿಲ್ಲುತ್ತದೆ. ಒಂಬತ್ತು ಸೆಲ್‌ಗಳ ಸರಣಿಗೆ ಅದು ಸಾಲದು, ನಡು ಮಧ್ಯಾಹ್ನವೇ ಗುಳ್ಳೆ ಬಡವಾಗುತ್ತದೆ. ಎಂಟು ಸೆಲ್ ಇಟ್ಟುಕೊಳ್ಳಿ. ಮೋಡ ಬಂದಾಗ ಏನು ಎಂದು ಹೆದರಬೇಡಿ. ಬೆಳಕು ಅರ್ಧಕ್ಕೆ ಇಳಿದರೆ ಪ್ಯಾನೆಲ್ಲಿನ ಕರೆಂಟು ಅರ್ಧವಾಗುತ್ತದೆ, ವೋಲ್ಟೇಜು ಹೆಚ್ಚು ಅಲುಗಾಡುವುದಿಲ್ಲ. ನೀರಿನ ಸೆಲ್‌ನ ಸ್ವಭಾವವೂ ಅದೇ. ಹೀಗೆ ಎರಡೂ ಜೊತೆಜೊತೆಯಾಗಿ ಇಳಿದು ಏರುವುದರಿಂದ ಸರಿಯಾಗಿ ಹೊಂದಿಸಿದ ಸರಣಿಗೆ ನಡುವೆ ಬ್ಯಾಟರಿಯಾಗಲಿ ದುಬಾರಿ ಕಂಟ್ರೋಲರ್ ಆಗಲಿ ಬೇಕಿಲ್ಲ. ಪ್ಯಾನೆಲ್ ಮತ್ತು ವಿದ್ಯುದ್ವಿಭಜನೆಯ ಈ ಹೊಂದಾಣಿಕೆ ನನಗೆ ಇವತ್ತಿಗೂ ಸೊಗಸೆನಿಸುತ್ತದೆ. ನಿಮ್ಮ ವರದಿಯಲ್ಲಿ ಎರಡರ ಗ್ರಾಫನ್ನೂ ಒಂದೇ ಹಾಳೆಯ ಮೇಲೆ ಬರೆದು ತೋರಿಸಿದರೆ ಅರ್ಧ ಅಂಕ ಅಲ್ಲೇ ಬಂತು.

ಎಂಟೂ ಸೆಲ್‌ಗಳನ್ನು ಒಂದೇ ತೊಟ್ಟಿಯಲ್ಲಿ, ನಡುವಿನ ಪ್ಲೇಟುಗಳಿಗೆ ವೈರು ಕೊಡದೆ ಮುಳುಗಿಸುವ ವಿಡಿಯೊಗಳಿವೆ. ಹಾಗೆ ಮಾಡಿದರೆ ಕರೆಂಟು ಪ್ಲೇಟಿನ ಅಂಚು ಬಳಸಿಕೊಂಡು ಕಳ್ಳದಾರಿ ಹಿಡಿಯುತ್ತದೆ. ಎಂಟು ಬೇರೆ ಬೇರೆ ಜಾಡಿ ಇಡಿ. ನೋಡಲು ಅಷ್ಟು ಅಂದವಲ್ಲ, ಲೆಕ್ಕ ಮಾತ್ರ ಶುದ್ಧ.

ಈಗ ಆ ಸಿಲಿಂಡರಿನ ಮಾತು. ಎಂಟು ಸೆಲ್, ಐದೂವರೆ ಆಂಪಿಯರ್, ಒಳ್ಳೆಯ ಬಿಸಿಲಿನ ಐದು ಗಂಟೆ. ಒಂದು ಆಂಪಿಯರ್-ಗಂಟೆಗೆ ಸಿಗುವ ಹೈಡ್ರೋಜನ್ 0.0376 ಗ್ರಾಂ. ಎಲ್ಲ ಗುಣಿಸಿದರೆ ದಿನಕ್ಕೆ ಎಂಟು ಗ್ರಾಂ ಚಿಲ್ಲರೆ. ಸಮುದ್ರಮಟ್ಟದಲ್ಲಿ, 25 ಡಿಗ್ರಿಯಲ್ಲಿ ಅದರ ಗಾತ್ರ 100 ಲೀಟರ್. ನೂರು ಲೀಟರ್ ಎಂದಾಗ ದೊಡ್ಡದಾಗಿ ಕೇಳಿಸುತ್ತದೆ. ಅದಕ್ಕೆ ಖರ್ಚಾದ ನೀರು ಮುಕ್ಕಾಲು ಲೋಟವೂ ಅಲ್ಲ. ಆ ಅನಿಲದಲ್ಲಿರುವ ಶಕ್ತಿ ಸುಮಾರು 275 ವ್ಯಾಟ್-ಅವರ್, ಅಂದರೆ ಇಪ್ಪತ್ತೊಂದೂವರೆ ಗ್ರಾಂ ಎಲ್‌ಪಿಜಿಯಷ್ಟು. ಅಡುಗೆಮನೆಯ 14.2 ಕೆಜಿ ಸಿಲಿಂಡರಿಗೆ ಸಮನಾಗಬೇಕಾದರೆ ಈ ಪ್ಯಾನೆಲ್ 660 ದಿನ ದುಡಿಯಬೇಕು. ಅದೂ ಮಳೆಗಾಲವೇ ಬಾರದ ಊರಿನಲ್ಲಿ! ಅಷ್ಟು ಹೈಡ್ರೋಜನ್ನನ್ನು ಒತ್ತಡ ಕೊಡದೆ ಶೇಖರಿಸಲು ಹತ್ತಡಿ ಉದ್ದ, ಅಗಲ, ಎತ್ತರದ ಕೋಣೆಗಳು ಎರಡಕ್ಕಿಂತ ಹೆಚ್ಚು ಬೇಕು.

ಹಳ್ಳಿಯಿಂದ ಬಂದವರಿಗೆ ಇನ್ನೊಂದು ಲೆಕ್ಕ. ಮಲೆನಾಡಿನ ಎಷ್ಟೋ ಹಿತ್ತಿಲುಗಳಲ್ಲಿರುವ ಎರಡು ಘನಮೀಟರಿನ ಗೋಬರ್ ಗ್ಯಾಸ್ ಗುಂಡಿ ದಿನಕ್ಕೆ ಐವತ್ತು ಕೆಜಿ ಸಗಣಿ ತಿಂದು ಹನ್ನೆರಡು ಕಿಲೋವ್ಯಾಟ್-ಅವರ್‌ನಷ್ಟು ಅನಿಲ ಕೊಡುತ್ತದೆ. ಹೈಡ್ರೋಜನ್ನಿನಲ್ಲಿ ಅಷ್ಟು ಪಡೆಯಲು 100 ವ್ಯಾಟ್‌ನ ನಲವತ್ತಕ್ಕೂ ಹೆಚ್ಚು ಪ್ಯಾನೆಲ್ ಬೇಕು. ನಿಮ್ಮ ಅಜ್ಜಿ ಬೆಳಗ್ಗೆ ಎದ್ದು ಸಗಣಿ ಕಲಸಿ ಹಾಕುವ ಆ ಗುಂಡಿಯ ಮುಂದೆ ನಿಮ್ಮ ಪಾರದರ್ಶಕ ಡಬ್ಬಿಯನ್ನು ಇಟ್ಟು ಹೋಲಿಸಿದ ಒಂದು ಪುಟ ವರದಿಯಲ್ಲಿದ್ದರೆ ನಾನು ಖುಷಿಯಿಂದ ಓದುತ್ತೇನೆ.

ಬಿಸಿಲಿನಿಂದಲೇ ಅಡುಗೆ ಮಾಡಬೇಕೆಂದಿದ್ದರೆ? ಅದೇ ಪ್ಯಾನೆಲ್ ದಿನಕ್ಕೆ ಕೊಡುವ ಸುಮಾರು 400 ವ್ಯಾಟ್-ಅವರನ್ನು ಬ್ಯಾಟರಿ, ಇನ್ವರ್ಟರ್ ಮೂಲಕ ಇಂಡಕ್ಷನ್ ಒಲೆಗೆ ಕೊಟ್ಟರೆ ಮೂರು, ಮೂರೂವರೆ ಲೀಟರ್ ನೀರು ಕುದಿಯುತ್ತದೆ. ಹೈಡ್ರೋಜನ್ ಮಾಡಿ ಒಲೆಯಲ್ಲಿ ಉರಿಸಿದರೆ ಒಂದೂವರೆ ಲೀಟರ್. ಕರೆಂಟನ್ನು ಹೈಡ್ರೋಜನ್ ಮಾಡಿ, ಫ್ಯೂಯೆಲ್ ಸೆಲ್‌ನಲ್ಲಿ ಮತ್ತೆ ಕರೆಂಟು ಮಾಡಿದರೆ ಮೂರರಲ್ಲಿ ಒಂದು ಪಾಲು ವಾಪಸು ಬರುತ್ತದೆ. ಲಿಥಿಯಂ ಬ್ಯಾಟರಿಯಲ್ಲಿ ಹತ್ತರಲ್ಲಿ ಒಂಬತ್ತು.

ಇನ್ನು 'ನಮ್ಮ ಯಂತ್ರದ ದಕ್ಷತೆ ಶೇ. 127' ಎನ್ನುವವರಿಗೆ. ಇಂಥ ಅಂಕಿ ನೋಡಿದಾಗ ನನಗೆ ಸಿಟ್ಟು ಬರುವುದಿಲ್ಲ, ಕುತೂಹಲ ಹುಟ್ಟುತ್ತದೆ. ಏಕೆಂದರೆ ಬೆಂಗಳೂರಿನ ಕಾಲೇಜೊಂದರಲ್ಲಿ ಪ್ರಾಮಾಣಿಕವಾಗಿ ಅಳೆದ ವಿದ್ಯಾರ್ಥಿಗೇ ಈ ಅಂಕಿ ಬರಬೇಕು! ಪುಸ್ತಕದಲ್ಲಿ ಒಂದು ಆಂಪಿಯರ್-ಗಂಟೆಗೆ 0.418 ಲೀಟರ್ ಎಂದಿರುತ್ತದೆ. ಅದು ಸೊನ್ನೆ ಡಿಗ್ರಿಯಲ್ಲಿ, ಸಮುದ್ರಮಟ್ಟದ ಒತ್ತಡದಲ್ಲಿ, ಒಣ ಅನಿಲಕ್ಕೆ. ಬೆಂಗಳೂರು 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿನ ಗಾಳಿಯ ಒತ್ತಡ 760 ಮಿ.ಮೀ. ಅಲ್ಲ, 685ರ ಹತ್ತಿರ. ಕೋಣೆಯ ಉಷ್ಣತೆ 27 ಡಿಗ್ರಿ ಎಂದುಕೊಳ್ಳಿ. ನೀರಿನ ಮೇಲೆ ಸಂಗ್ರಹಿಸಿದ ಅನಿಲದಲ್ಲಿ ಸುಮಾರು 27 ಮಿ.ಮೀ.ನಷ್ಟು ನೀರಾವಿಯ ಪಾಲೂ ಸೇರಿರುತ್ತದೆ. ಮೂರನ್ನೂ ಲೆಕ್ಕಕ್ಕೆ ತಂದರೆ ಅದೇ ಹೈಡ್ರೋಜನ್ ಅಳತೆಯ ಜಾಡಿಯಲ್ಲಿ 0.53 ಲೀಟರ್ ಜಾಗ ಹಿಡಿಯುತ್ತದೆ. 0.53ನ್ನು 0.418ರಿಂದ ಭಾಗಿಸಿ, 127 ಬಂತು. ಮಂಗಳೂರಿನ ನಿಮ್ಮ ಗೆಳೆಯರು ಅದೇ ಪ್ರಯೋಗ ಮಾಡಿದರೆ 114ರ ಆಸುಪಾಸು ಬರುತ್ತದೆ. ಶಕ್ತಿಯೇನೂ ಹುಟ್ಟಿಲ್ಲ, ಘಟ್ಟ ಹತ್ತಿದ್ದಷ್ಟೆ. ಎರಡೂ ಅನಿಲವನ್ನು ಒಂದೇ ಜಾಡಿಯಲ್ಲಿ ಹಿಡಿದು ಪೂರ್ತಿ ಹೈಡ್ರೋಜನ್ ಎಂದು ಎಣಿಸಿದವರಿಗೆ ಇದರ ಒಂದೂವರೆ ಪಟ್ಟು ಬರುತ್ತದೆ.

ನೀರಿನಿಂದ ಓಡುವ ಕಾರಿನ ಕತೆಗಳೂ ಹೀಗೆ ಎಲ್ಲೋ ಅಳತೆ ತಪ್ಪಿದ ಜಾಗದಲ್ಲಿ ಮೊಳೆಯುತ್ತವೆ. ಕೆಲವು ಮಾತ್ರ ಬೇಕೆಂದೇ ಬಿತ್ತಿದವು. ಅಮೆರಿಕದ ಓಹಾಯೊದ ಸ್ಟ್ಯಾನ್ಲಿ ಮೇಯರ್ ತನ್ನ ಸೆಲ್ ಮಾಮೂಲಿಗಿಂತ ತೀರಾ ಕಡಿಮೆ ಶಕ್ತಿಯಲ್ಲಿ ನೀರನ್ನು ಒಡೆಯುತ್ತದೆ ಎಂದು ಹೇಳಿಕೊಂಡಿದ್ದ. 1996ರಲ್ಲಿ ನ್ಯಾಯಾಲಯ ಅದನ್ನು ವಂಚನೆಯೆಂದು ತೀರ್ಮಾನಿಸಿ, ಹಣ ಹೂಡಿದ್ದ ಇಬ್ಬರಿಗೆ 25,000 ಡಾಲರ್ ವಾಪಸು ಕೊಡಿಸಿತು. ಇವತ್ತಿಗೂ ಅವನ ಹೆಸರಿನ ನಕ್ಷೆಗಳು ನಿಮ್ಮ ಮೊಬೈಲಿಗೆ ಬರುತ್ತವೆ. ಬೈಕಿನ ಮೈಲೇಜ್ ಹೆಚ್ಚಿಸುವ 'ಎಚ್‌ಎಚ್‌ಒ ಕಿಟ್' ಬಗ್ಗೆ ಒಂದೇ ಮಾತು: ನಿಮ್ಮ ಪ್ಯಾನೆಲ್ಲಿನ ಇಡೀ ದಿನದ ಹೈಡ್ರೋಜನ್ ಸುಮಾರು 30 ಮಿಲಿಲೀಟರ್ ಪೆಟ್ರೋಲಿಗೆ ಸಮ.

ಇಷ್ಟು ಹೊತ್ತು ಹೇಳಿದ್ದು ನಷ್ಟದ ಲೆಕ್ಕ. ಇನ್ನು ಹೇಳುವುದು ಕಣ್ಣು, ಕೈ, ಕಿವಿಯ ವಿಷಯ.

ನಿಮ್ಮ ಡಬ್ಬಿಯ ಆ ಒಂದೇ ಪೈಪಿನಲ್ಲಿ ಹೊರಬರುವುದು ಬರೀ ಹೈಡ್ರೋಜನ್ ಅಲ್ಲ. ಎರಡು ಪಾಲು ಹೈಡ್ರೋಜನ್, ಒಂದು ಪಾಲು ಆಕ್ಸಿಜನ್. ಸ್ಫೋಟಕ್ಕೆ ಇದಕ್ಕಿಂತ ಕರಾರುವಾಕ್ಕಾದ ಅಳತೆ ಇಲ್ಲ. ಪ್ರಕೃತಿಯೇ ತೂಗಿ ಕೊಟ್ಟಿದೆ. ಎಲ್‌ಪಿಜಿ ಉರಿಯಬೇಕಾದರೆ ಹೊರಗಿನ ಗಾಳಿ ಬೇಕು, ಆದ್ದರಿಂದ ಬೆಂಕಿ ಒಲೆಯ ಬಾಯಲ್ಲೇ ನಿಲ್ಲುತ್ತದೆ. ಈ ಮಿಶ್ರಣಕ್ಕೆ ಯಾರ ಹಂಗೂ ಇಲ್ಲ. ಜ್ವಾಲೆ ಪೈಪಿನೊಳಗೆ ಹಿಮ್ಮುಖವಾಗಿ ಓಡಿ ಡಬ್ಬಿಯನ್ನೇ ಸಿಡಿಸುತ್ತದೆ. ಗಾಳಿಯಲ್ಲಿ ಹೈಡ್ರೋಜನ್ ಶೇ. 4ರಿಂದ 75ರವರೆಗೆ ಎಷ್ಟಿದ್ದರೂ ಹೊತ್ತಿಕೊಳ್ಳುತ್ತದೆ. ಹೊತ್ತಲು ಬೇಕಾದ ಶಕ್ತಿ ಒಂದು ಮಿಲಿಜೌಲ್‌ನ ಐವತ್ತರಲ್ಲಿ ಒಂದು ಪಾಲು; ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದಾಗ ಬೆರಳ ತುದಿಯಲ್ಲಿ ಚಟ್ ಎನ್ನುವ ಕಿಡಿ ಅದಕ್ಕಿಂತ ಎಷ್ಟೋ ದೊಡ್ಡದು. ಶುದ್ಧ ಹೈಡ್ರೋಜನ್ನಿನ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಹಗುರ ಅನಿಲ, ಮೇಲೆ ಹಾರಿಹೋಗುತ್ತದೆ ಎನ್ನುತ್ತೀರಿ. ಹೌದು, ಬಯಲಿನಲ್ಲಿ. ಆರ್‌ಸಿಸಿ ಸೂರಿನ ಲ್ಯಾಬಿನಲ್ಲಿ ಅದು ಹೋಗಿ ಕೂರುವುದು ಟ್ಯೂಬ್‌ಲೈಟು, ಫ್ಯಾನು ಇರುವ ಕಡೆಗೇ.

ಡೆನ್ಮಾರ್ಕಿನ ಪೌಲ್ ಲಾ ಕೂರ್ ಎಂಬ ಮೇಷ್ಟ್ರ ಕತೆ ನಿಮಗೆ ಗೊತ್ತಿರಬೇಕು. 1891ರಲ್ಲಿ ಆತ ಆಸ್ಕೊವ್ ಎಂಬ ಹಳ್ಳಿಯ ಶಾಲೆಯ ಬಳಿ ಗಾಳಿಯಂತ್ರ ಕಟ್ಟಿ ಕರೆಂಟು ತೆಗೆದ. ಆ ಕಾಲಕ್ಕೆ ಬ್ಯಾಟರಿ ದುಬಾರಿ. ಹಾಗಾಗಿ ಕರೆಂಟಿನಿಂದ ನೀರನ್ನು ಒಡೆದು, ಹೈಡ್ರೋಜನ್ ಶೇಖರಿಸಿ, 1895ರಿಂದ ಏಳು ವರ್ಷ ಶಾಲೆಯ ದೀಪ ಉರಿಸಿದ. ನೀವು ಮಾಡುತ್ತಿರುವುದೂ ಅದನ್ನೇ, ಗಾಳಿಯ ಬದಲು ಬಿಸಿಲು ಅಷ್ಟೆ. ಆತ ಎರಡೂ ಅನಿಲಗಳನ್ನು ಬೇರೆ ಬೇರೆಯಾಗಿಯೇ ಹಿಡಿಯುತ್ತಿದ್ದ. ಆದರೂ ಹೈಡ್ರೋಜನ್ನಿನೊಳಗೆ ಸ್ವಲ್ಪ ಆಕ್ಸಿಜನ್ ನುಸುಳಿ ಸ್ಫೋಟಗಳಾಗಿ, ಶಾಲೆಯ ಕಿಟಕಿ ಗಾಜುಗಳನ್ನು ಮತ್ತೆ ಮತ್ತೆ ಹಾಕಿಸಬೇಕಾಯಿತಂತೆ. ಬೇರ್ಪಡಿಸಿದವನ ಪಾಡೇ ಅದು. ಬೇರ್ಪಡಿಸದೆಯೇ ಬಾಟಲಿಗೆ ತುಂಬುವವರನ್ನು ನೋಡಿದಾಗ ನನಗೆ ಎದೆ ಝಲ್ಲೆನ್ನುತ್ತದೆ.

ಆದ್ದರಿಂದ ಎರಡು ಎಲೆಕ್ಟ್ರೋಡುಗಳ ನಡುವೆ ಗೋಡೆ ಇರಲಿ, ನೀರು ಮಾತ್ರ ಕೆಳಗಿನಿಂದ ಸೇರಿರಲಿ, ಎರಡು ಅನಿಲಕ್ಕೆ ಎರಡು ಪೈಪು. ಹಾಫ್‌ಮನ್ ವೋಲ್ಟಾಮೀಟರು ನಿಮ್ಮ ಕೆಮಿಸ್ಟ್ರಿ ಲ್ಯಾಬಿನ ಬೀರುವಿನಲ್ಲಿ ಧೂಳು ತಿನ್ನುತ್ತಿರುತ್ತದೆ, ಅದನ್ನು ನೋಡಿ ಕಲಿಯಿರಿ. ಅಳೆದಾದ ಮೇಲೆ ಅನಿಲವನ್ನು ತೆರೆದ ತಾರಸಿಯಲ್ಲಿ ಆಕಾಶಕ್ಕೆ ಬಿಟ್ಟುಬಿಡಿ. ಬಲೂನು, ಟ್ಯೂಬು, ಬಾಟಲಿ, ಹಳೆಯ ಗ್ಯಾಸ್ ಸಿಲಿಂಡರು, ಯಾವುದೂ ಬೇಡ. ಫ್ರಿಜ್ಜಿನ ಕಂಪ್ರೆಸರ್ ಬಿಚ್ಚಿ ತಂದು ಸಿಲಿಂಡರಿಗೆ ಒತ್ತಿ ತುಂಬುವ ಯೋಚನೆಯಂತೂ ಪ್ರಾಣದ ಜೊತೆಗೆ ಕಾನೂನಿನ ವಿಷಯವೂ ಹೌದು. ಸಿಲಿಂಡರಿಗೆ ಅನಿಲ ತುಂಬುವುದು 2016ರ ಗ್ಯಾಸ್ ಸಿಲಿಂಡರ್ ನಿಯಮಗಳಡಿ ಬರುತ್ತದೆ, ಅದಕ್ಕೆ ಲೈಸೆನ್ಸ್ ಕೊಡುವವರು ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಸೊ ಎಂಬ ಕೇಂದ್ರ ಸರ್ಕಾರಿ ಸಂಸ್ಥೆ.

ನೀರಿಗೆ ಏನು ಬೆರೆಸುವುದು ಎನ್ನುವುದೂ ಸಣ್ಣ ಪ್ರಶ್ನೆಯಲ್ಲ. ಅಡುಗೆ ಉಪ್ಪು ಹಾಕಿದರೆ ಆಕ್ಸಿಜನ್ ಬರಬೇಕಾದ ಕಡೆ ಕ್ಲೋರಿನ್ ಏಳುತ್ತದೆ. ಬ್ಲೀಚಿಂಗ್ ಪೌಡರಿನ ವಾಸನೆ ಬಂತೆಂದರೆ ನಿಲ್ಲಿಸಿ, ಹೊರಗೆ ಬನ್ನಿ. ಉಪ್ಪು ಅಥವಾ ಅಡುಗೆ ಸೋಡಾದ ಜೊತೆ ಸ್ಟೇನ್‌ಲೆಸ್ ಸ್ಟೀಲ್ ಬಳಸಿದಾಗ ನೀರು ಹಳದಿಯಾಗುವುದನ್ನು ನೀವು ನೋಡಿರುತ್ತೀರಿ. ಅದನ್ನು ತುಕ್ಕು ಎಂದು ಚರಂಡಿಗೆ ಚೆಲ್ಲುತ್ತೀರಿ. ಅದರಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಇರಬಹುದು, ಅದು ಕ್ಯಾನ್ಸರ್ ತರುವ ವಸ್ತು. ಕಾಸ್ಟಿಕ್ ಪೊಟ್ಯಾಶ್ ಉತ್ತಮ, ಎಲೆಕ್ಟ್ರೋಡಿಗೆ ನಿಕಲ್ ಸಿಕ್ಕರೆ ಇನ್ನೂ ಉತ್ತಮ. ನೀರಿಗೆ ಕ್ಷಾರವನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು, ಕ್ಷಾರದ ಮೇಲೆ ನೀರು ಸುರಿಯಬಾರದು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಲಸಿದರೆ ಕರೆಂಟಿಲ್ಲದೆಯೇ ಹೈಡ್ರೋಜನ್ ಏಳುತ್ತದೆ. ಸುರಕ್ಷತಾ ಕನ್ನಡಕ ಬೇಡ ಎನ್ನುವ ಗೈಡ್ ಇದ್ದರೆ ಗೈಡನ್ನೇ ಬದಲಾಯಿಸಿ. ಕ್ಷಾರ ಕಣ್ಣಿಗೆ ಆ್ಯಸಿಡ್‌ಗಿಂತ ಕ್ರೂರಿ.

ಹಾಗಾದರೆ ಸರ್ಕಾರವೇಕೆ ಹೈಡ್ರೋಜನ್ ಹಿಂದೆ ಬಿದ್ದಿದೆ ಎಂದು ಕೇಳುತ್ತೀರಿ. 2023ರ ಜನವರಿಯಲ್ಲಿ ಕೇಂದ್ರ ಸಂಪುಟ 19,744 ಕೋಟಿ ರೂಪಾಯಿಯ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು; 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಗುರಿ. ಅದು ಒಲೆಗೆ ಉರಿಸಲು ಅಲ್ಲ. ಗೊಬ್ಬರಕ್ಕೆ ಅಮೋನಿಯಾ ಬೇಕು, ಅಮೋನಿಯಾಕ್ಕೆ ಹೈಡ್ರೋಜನ್ ಬೇಕು, ಬ್ಯಾಟರಿಯಿಂದ ಯೂರಿಯಾ ಮಾಡಲಾಗುವುದಿಲ್ಲ. ಇವತ್ತು ಗೊಬ್ಬರ ಕಾರ್ಖಾನೆಗಳಿಗೆ ಆ ಹೈಡ್ರೋಜನ್ ಬರುವುದು ನೈಸರ್ಗಿಕ ಅನಿಲದಿಂದ. ಪಂಜಾಬಿನ ನಂಗಲ್‌ನಲ್ಲಿ 1960ರ ದಶಕದಲ್ಲೇ ಭಾಕ್ರಾ ಅಣೆಕಟ್ಟಿನ ವಿದ್ಯುತ್ತಿನಿಂದ ನೀರನ್ನು ಒಡೆದು ಗೊಬ್ಬರ ತಯಾರಿಸುತ್ತಿದ್ದರು. ದೇಶದ ಮೊದಲ ಭಾರಜಲ ಘಟಕ ಅದರ ಬೆನ್ನಿಗೇ ಹುಟ್ಟಿತು. ಹಸಿರು ಹೈಡ್ರೋಜನ್ ಎಂಬ ಹೆಸರು ಆಗ ಇರಲಿಲ್ಲ. ಅಸ್ಸಾಮಿನ ಜೋರ್ಹಾಟ್‌ನಲ್ಲಿ 2022ರಲ್ಲಿ ಆಯಿಲ್ ಇಂಡಿಯಾ ಶುರುಮಾಡಿದ ಘಟಕಕ್ಕೆ 500 ಕಿಲೋವ್ಯಾಟ್ ಸೋಲಾರ್ ಆಸರೆ ಇತ್ತು, ಉತ್ಪಾದನೆ ದಿನಕ್ಕೆ ಹತ್ತು ಕೆಜಿ. ನಿಮ್ಮ ಎಂಟು ಗ್ರಾಂ ಎದುರು ಇಟ್ಟು ನೋಡಿ, ಅದೇನೂ ಬೇರೆ ಲೋಕದ್ದಲ್ಲ.

ಮನೆಯ ಮಟ್ಟದಲ್ಲಿ ಇದು ಆಗಿಯೇ ಇಲ್ಲ ಎಂದೂ ಅಲ್ಲ. ಜರ್ಮನಿಯ ಫ್ರೈಬುರ್ಗ್‌ನಲ್ಲಿ ಫ್ರಾನ್‌ಹೋಫರ್ ಸಂಸ್ಥೆ 1992ರಲ್ಲಿ ಗ್ರಿಡ್ಡಿನ ಹಂಗಿಲ್ಲದ ಸೌರ ಮನೆಯೊಂದನ್ನು ಕಟ್ಟಿ, ಬೇಸಿಗೆಯ ಬಿಸಿಲನ್ನು ಹೈಡ್ರೋಜನ್ ಆಗಿ ಚಳಿಗಾಲಕ್ಕೆ ಉಳಿಸಿತು. ಬಿಸಿಲು ತೀರಾ ಕಡಿಮೆಯಾಗುವ ತಿಂಗಳುಗಳಿರುವ ಊರಿಗೆ ಆ ಖರ್ಚಿಗೆ ಅರ್ಥವಿದೆ. ಜನವರಿಯಲ್ಲೂ ಬಿಸಿಲಿರುವ ಚಿತ್ರದುರ್ಗಕ್ಕೆ ಏಕೆ?

ಮುಂದಿನ ಪ್ರದರ್ಶನದಲ್ಲಿ ಸೋಪಿನ ಗುಳ್ಳೆ ತೋರಿಸಿದರೆ ನಾನು ಮುಂದಿನ ಮೇಜಿಗೆ ಹೋಗುತ್ತೇನೆ. ರೀಡಿಂಗ್ ಪುಸ್ತಕ ಮುಂದಿಡಿ. ಗಂಟೆಗಂಟೆಯ ಬಿಸಿಲು, ಪ್ಯಾನೆಲ್ಲಿನ ಬೆನ್ನಿನ ಉಷ್ಣತೆ, ವೋಲ್ಟ್, ಆಂಪಿಯರ್, ಎರಡು ಜಾಡಿಗಳ ಅನಿಲ, ಆ ದಿನದ ಗಾಳಿಯ ಒತ್ತಡ. ಹೈಡ್ರೋಜನ್ ಆಕ್ಸಿಜನ್ನಿನ ಸರಿಯಾಗಿ ಎರಡು ಪಟ್ಟು ಬರದಿದ್ದರೆ ಯಾವ ಕಡೆ ಸೋರುತ್ತಿದೆ ಎಂದು ಕೇಳುತ್ತೇನೆ. ನಿಮ್ಮ ಅಂಕಿ ಶೇ. 50 ಎಂದಿದ್ದರೂ ಅದು ಹೇಗೆ ಬಂತೆಂದು ವಿವರಿಸಿದವರಿಗೆ ಪೂರ್ತಿ ಅಂಕ.

ಮತ್ತೊಂದು. ಪ್ರದರ್ಶನ ಮುಗಿದ ಸಂಜೆ ಎಲ್ಲರೂ ಫೋಟೊ ತೆಗೆಸಿಕೊಂಡು ಹೋಗುತ್ತೀರಿ, ಕ್ಷಾರದ ಜಾಡಿಗಳು ಬೆಂಚಿನ ಮೇಲೇ ಉಳಿಯುತ್ತವೆ. ಮರುದಿನ ಅವನ್ನು ಬರಿಗೈಯಲ್ಲಿ ಎತ್ತುವವರು ಲ್ಯಾಬ್ ಅಟೆಂಡರ್ ಅಥವಾ ಕಸ ಗುಡಿಸುವ ಅಮ್ಮ. ದ್ರಾವಣವನ್ನು ಗಟ್ಟಿ ಪ್ಲಾಸ್ಟಿಕ್ ಕ್ಯಾನಿಗೆ ಸುರಿದು, 'ಕಾಸ್ಟಿಕ್, ಮುಟ್ಟಬೇಡಿ' ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದು, ದಿನಾಂಕ ಹಾಕಿ, ಬೀಗವಿರುವ ಬೀರುವಿನ ಕೆಳಗಿನ ಅರೆಯಲ್ಲಿಡಿ. ಮುಂದಿನ ವರ್ಷದ ತಂಡಕ್ಕೆ ಅದೇ ಉಪಯೋಗಕ್ಕೆ ಬರುತ್ತದೆ.

ನಿಮ್ಮ,
ಒಬ್ಬ ನಿವೃತ್ತ ಪಾಲಿಟೆಕ್ನಿಕ್ ಮೇಷ್ಟ್ರು